ಇಂಗ್ಲಿಷ್ ತರಗತಿಯಲ್ಲಿ ಕನ್ನಡಕ್ಕೇಕೆ ಬಹಿಷ್ಕಾರ?

ಇಂಗ್ಲಿಷ್ ವಾಕ್ಯರಚನೆ ಹಳ್ಳಿಯ ಮಕ್ಕಳ ತಲೆಗೆ ಹತ್ತುವುದಿಲ್ಲವೆಂಬ ಮಾತನ್ನು ನೌಕರಿಗೆ ಸೇರಿದ ದಿನದಿಂದ ನಿವೃತ್ತನಾಗುವವರೆಗೂ ಕೇಳಿದೆ. ಈಗಲೂ ಕೇಳುತ್ತಿದ್ದೇನೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಕನ್ನಡವನ್ನು ಚಪ್ಪಲಿಯ ಜೊತೆ ಬಾಗಿಲ ಹೊರಗೆ ಬಿಟ್ಟು ಒಳಗೆ ಬಾ ಎಂದು ಮಗುವಿಗೆ ಅಪ್ಪಣೆ ಮಾಡಿ, ಆಮೇಲೆ ಅದು ಬರಿಗಾಲಲ್ಲಿ ಕುಂಟುತ್ತದೆಂದು ದೂರುವುದು ಯಾವ ನ್ಯಾಯ?

ನಮ್ಮ ಕೆಂಚನಗುಡ್ಡ, ಸಿರುಗುಪ್ಪದ ಕಡೆಯ ಮಕ್ಕಳಿಗೆ ಭಾಷೆಯೆಂದರೆ ಭಯವಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದರಾಸು ರಾಜ್ಯದಿಂದ ಮೈಸೂರಿಗೆ ಬಂದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಗಡಿ ಬಿದ್ದರೂ ನಾಲಗೆಗಳು ಬೇರೆಯಾಗಲಿಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಪಕ್ಕದ ಓಣಿಯಲ್ಲಿ ಉರ್ದು ಆಡುವ ಮಕ್ಕಳನ್ನು ನಾನೇ ಕಂಡಿದ್ದೇನೆ. ಈ ಮೂರೂ ಭಾಷೆಗಳಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಕರ್ತೃವಿನ ಬೆನ್ನಿಗೇ ಕ್ರಿಯಾಪದವಿಟ್ಟು, ಉಳಿದುದನ್ನು ಅದರಾಚೆಗೆ ಪೋಣಿಸುವ ಭಾಷೆಯನ್ನು ಮಗು ಮೊದಲು ಕಾಣುವುದು ಇಂಗ್ಲಿಷಿನಲ್ಲಿಯೇ. ಇಷ್ಟು ದೊಡ್ಡ ವ್ಯತ್ಯಾಸವನ್ನು ಯಾರಾದರೂ ಅದಕ್ಕೆ ಬಾಯಿಬಿಟ್ಟು ಹೇಳಿದ್ದಾರೆಯೇ?

ಒಂದು ಉದಾಹರಣೆ ನೋಡಿ. ಭತ್ತ ಕೊಯ್ದ ಆಳು, ಭತ್ತ ಕೊಯ್ದ ಕುಡುಗೋಲು, ಭತ್ತ ಕೊಯ್ದ ಗದ್ದೆ, ಭತ್ತ ಕೊಯ್ದ ದಿನ. ನಮ್ಮೂರಿನ ಮಗು ಯಾವುದಕ್ಕೂ ತಡವರಿಸುವುದಿಲ್ಲ. ನಾಲ್ಕರಲ್ಲೂ ‘ಕೊಯ್ದ’ ಎಂಬ ಒಂದೇ ಕೃದಂತ. ಕೊಯ್ದವನು ಆಳು, ಕೊಯ್ದದ್ದು ಕುಡುಗೋಲಿನಿಂದ, ಗದ್ದೆಯಲ್ಲಿ, ಆ ದಿನದಂದು ಎಂಬ ಸಂಬಂಧಗಳನ್ನು ಕನ್ನಡ ಹೇಳದೆ ಕೇಳುವವನ ಲೋಕಜ್ಞಾನಕ್ಕೆ ಬಿಟ್ಟುಬಿಡುತ್ತದೆ. ಇಂಗ್ಲಿಷಿಗೆ ಈ ಔದಾರ್ಯವಿಲ್ಲ. ಆಳಿಗೆ ‘ಹೂ’, ಕುಡುಗೋಲಿಗೆ ‘ವಿತ್ ವಿಚ್’, ಗದ್ದೆಗೆ ‘ವೇರ್’, ದಿನಕ್ಕೆ ‘ವೆನ್’ ಎಂದು ಒಂದೊಂದಕ್ಕೂ ಬೇರೆ ಬೇರೆ ಕೊಂಡಿ ಬೇಕು. ಅಲ್ಲದೆ ಕನ್ನಡದಲ್ಲಿ ವರ್ಣನೆ ಮೊದಲು, ಹೆಸರು ಆಮೇಲೆ. ಇಂಗ್ಲಿಷಿನಲ್ಲಿ ಹೆಸರು ಮೊದಲು, ವರ್ಣನೆ ಅದರ ಬಾಲ. ಇದನ್ನು ಹಲಗೆಯ ಮೇಲೆ ಬರೆದು ತೋರಿಸಲು ಒಂದು ಪಿರಿಯಡ್ ಸಾಕು.

ಆದರೆ ನಡೆಯುವುದೇನು? ‘ರಿಲೇಟಿವ್ ಪ್ರೊನೌನ್’ನ ವ್ಯಾಖ್ಯೆಯನ್ನು ಉರು ಹೊಡೆಸುತ್ತಾರೆ. ಮಗು ‘ದಿ ಮ್ಯಾನ್ ಹೂ ಕಟ್ ದಿ ಪ್ಯಾಡಿ ಈಸ್ ಮೈ ಅಂಕಲ್’ ಎಂಬುದನ್ನು ಪದಕ್ಕೊಂದು ಪದ ಹಿಡಿದು, ‘ಮನುಷ್ಯ ಯಾರು ಕೊಯ್ದ ಭತ್ತ ಇದ್ದಾನೆ ನನ್ನ ಮಾವ’ ಎಂದು ಓದಿ ಬೆಪ್ಪಾಗಿ ನಿಲ್ಲುತ್ತದೆ. ‘ಹೂ’ ಎಂದರೆ ‘ಯಾರು’ ಎಂದು ಕಲಿಸಿದ್ದು ಶಾಲೆಯೇ ತಾನೆ? ಇಲ್ಲಿ ಅದು ಪ್ರಶ್ನೆಯಲ್ಲವೆಂದು ಶಾಲೆ ಹೇಳಲೇ ಇಲ್ಲ. (‘ಯಾವನು ಕೊಯ್ದನೋ ಅವನು’ ಎಂಬ ರಚನೆ ಕನ್ನಡದಲ್ಲಿಯೂ ಉಂಟೆಂದು ಪಂಡಿತರು ನೆನಪಿಸಬಹುದು. ಉಂಟು, ಆದರೆ ಸಂತೆಯಲ್ಲಿ ಯಾರೂ ಹಾಗೆ ಮಾತನಾಡುವುದಿಲ್ಲ.)

ಇಂಗ್ಲಿಷನ್ನು ತಾಯಿಯಿಂದ ಕಲಿತವರೂ ಮುಗ್ಗರಿಸುತ್ತಾರೆಂಬುದನ್ನು ಮಕ್ಕಳಿಗೆ ತಿಳಿಸಬೇಕು. ಥಾಮಸ್ ಬೆವರ್ ಎಂಬ ಅಮೆರಿಕದ ವಿದ್ವಾಂಸರು 1970ರಲ್ಲಿ ಓಡುವ ಕುದುರೆಯ ಕುರಿತ ಒಂದು ವಾಕ್ಯವನ್ನು ಮುಂದಿಟ್ಟರು. ಅದು ಬಲು ಪ್ರಸಿದ್ಧವಾಯಿತು. ನಮಗೆ ಕುದುರೆಯ ಬದಲು ಎತ್ತು ಇರಲಿ: ‘ದಿ ಬುಲಕ್ ರೇಸ್ಡ್ ಪಾಸ್ಟ್ ದಿ ಟೆಂಪಲ್ ಫೆಲ್.’ ಎತ್ತು ಗುಡಿಯ ಪಕ್ಕದಲ್ಲಿ ಓಡಿತು ಎಂದು ಓದುತ್ತ ಹೋದವನಿಗೆ ಕೊನೆಯ ‘ಫೆಲ್’ ಎಡವುಗಲ್ಲಾಗುತ್ತದೆ. ‘ರೇಸ್ಡ್’ ಎಂಬುದು ‘ಓಡಿತು’ ಎಂದೂ ಆಗಬಹುದು, ‘ಓಡಿಸಿದ’ ಎಂದೂ ಆಗಬಹುದು. ಕನ್ನಡದಲ್ಲಿ ‘ಗುಡಿಯ ಪಕ್ಕದಲ್ಲಿ ಓಡಿಸಿದ ಎತ್ತು ಬಿತ್ತು’ ಎಂದರೆ ಮುಗಿಯಿತು. ನಮ್ಮ ಭಾಷೆಯಲ್ಲಿ ಆ ಕಲ್ಲೇ ಇಲ್ಲ. ಹಾಗಿರುವಾಗ ಅರ್ಥ ಬಿಡಿಸಲು ಕನ್ನಡಕ್ಕಿಂತ ಒಳ್ಳೆಯ ಉಪಕರಣ ಈ ಮಗುವಿನ ಬಳಿ ಬೇರೆ ಯಾವುದಿದೆ?

ಇನ್ನು ಕರ್ಮಣಿ ಪ್ರಯೋಗ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದು ಯಾವ ಅಜ್ಜಿ ಕಥೆ ಹೇಳಿದ್ದಾಳೆ? ರಾವಣನನ್ನು ಮೊದಲು ಹೇಳಬೇಕಾದರೆ ಕನ್ನಡಿಗ ‘ರಾವಣನನ್ನು ರಾಮ ಕೊಂದ’ ಎನ್ನುತ್ತಾನೆ. ‘ಅನ್ನು’ ಎಂಬ ಪ್ರತ್ಯಯ ಕಾವಲಿರುವುದರಿಂದ ಪದವನ್ನು ಎಲ್ಲಿಟ್ಟರೂ ಅರ್ಥ ಕೆಡುವುದಿಲ್ಲ. ಇಂಗ್ಲಿಷ್ ಶತಮಾನಗಳ ಹಿಂದೆಯೇ ಅಂಥ ವಿಭಕ್ತಿಗಳನ್ನು ಬಹುಮಟ್ಟಿಗೆ ಕಳೆದುಕೊಂಡಿತು. ಅಲ್ಲಿ ಪದದ ಸ್ಥಾನವೇ ವಿಭಕ್ತಿ. ಆದ್ದರಿಂದ ರಾವಣನನ್ನು ಮುಂದಕ್ಕೆ ತರಬೇಕಾದರೆ ‘ವಾಸ್ ಕಿಲ್ಡ್ ಬೈ’ ಎಂಬ ಸುತ್ತುದಾರಿ ಹಿಡಿಯುವುದು ವಾಡಿಕೆ. ಈ ಕಾರಣ ತಿಳಿದರೆ ಮಗುವಿಗೆ ಅದು ಉಪಯುಕ್ತ ಸಾಧನ. ತಿಳಿಯದಿದ್ದರೆ ‘ಚೇಂಜ್ ದಿ ವಾಯ್ಸ್’ ಎಂಬುದು ಪರೀಕ್ಷೆಯ ದೊಂಬರಾಟ.

ಗೊಂದಲಕ್ಕೆ ಇತಿಹಾಸವೂ ಉಂಟು. 1762ರಲ್ಲಿ ರಾಬರ್ಟ್ ಲೌತ್, 1795ರಲ್ಲಿ ಲಿಂಡ್ಲೆ ಮರ್ರೆ ಬರೆದ ಇಂಗ್ಲಿಷ್ ವ್ಯಾಕರಣಗಳು ಲ್ಯಾಟಿನ್ನಿನ ಅಚ್ಚನ್ನು ಬಹಳವಾಗಿ ನೆಚ್ಚಿದವು. ಹದಿಮೂರನೆಯ ಶತಮಾನದ ಕೇಶಿರಾಜನ ಕಣ್ಣ ಮುಂದೆ ಸಂಸ್ಕೃತದ ಮಾದರಿಯಿತ್ತು. ಶಾಲೆಯ ಕನ್ನಡ ವ್ಯಾಕರಣ ಇಂದಿಗೂ ಆ ಅಂಗಿಯನ್ನು ಕಳಚಿಲ್ಲವೆಂದು ಡಿ. ಎನ್. ಶಂಕರ ಭಟ್ಟರು 2000ದಲ್ಲಿ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದಲ್ಲಿ ವಾದಿಸಿದರು. ಎರಡು ಎರವಲು ಅಂಗಿಗಳನ್ನು ಅಕ್ಕಪಕ್ಕ ತೂಗುಹಾಕಿ, ಎರಡೂ ಒಂದೇ ಅಳತೆಯವೆಂದು ಮಗುವನ್ನು ನಂಬಿಸುತ್ತಿದ್ದೇವೆ.

ಒಮ್ಮೆ ತಪಾಸಣೆಗೆ ಬಂದಿದ್ದ ಅಧಿಕಾರಿಯೊಬ್ಬರು, ಇಂಗ್ಲಿಷ್ ಪಾಠದಲ್ಲಿ ಒಂದು ಕನ್ನಡ ಪದವೂ ಕೇಳಿಸಬಾರದೆಂದು ಮಕ್ಕಳ ಎದುರಿಗೇ ನನಗೆ ಆಜ್ಞೆ ಮಾಡಿದ್ದರು. ಆ ಆಜ್ಞೆಯನ್ನು ಅವರು ಕೊಟ್ಟದ್ದು ಕನ್ನಡದಲ್ಲಿ!

ಎದುರು ಪಕ್ಷದಲ್ಲಿ ತೂಕದ ಮಾತೂ ಇದೆ. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮುಂತಾದ ಕಡೆ ನಡೆಸಿದ ಪ್ರಯೋಗದ ತಿರುಳು, ಮನಸ್ಸು ಅರ್ಥದಲ್ಲಿ ತೊಡಗಿದಾಗ ವ್ಯಾಕರಣ ತಾನಾಗಿಯೇ ನೆಲೆಗೊಳ್ಳುತ್ತದೆ ಎಂಬುದು. ಉರು ಹೊಡೆದ ಸೂತ್ರ ನಿಷ್ಪ್ರಯೋಜಕವೆಂಬಷ್ಟರ ಮಟ್ಟಿಗೆ ನಾನು ಅವರ ಶಿಷ್ಯನೇ. ಆದರೆ ಶಾಲೆಯ ಗಂಟೆ ಬಾರಿಸಿದ ಮೇಲೆ ಮರುದಿನದವರೆಗೆ ಒಂದು ಇಂಗ್ಲಿಷ್ ವಾಕ್ಯವೂ ಕಿವಿಗೆ ಬೀಳದ ಊರಿನಲ್ಲಿ, ‘ತಾನಾಗಿಯೇ’ ಎಂಬುದಕ್ಕೆ ಎಷ್ಟು ವರ್ಷ ಕಾಯಬೇಕು? ಎಸ್ಸೆಸ್ಸೆಲ್ಸಿ ಪರೀಕ್ಷೆ ಕಾಯುವುದಿಲ್ಲ. ಇಂಗ್ಲಿಷ್ ಒಂದರಲ್ಲೇ ಸೋತು ಸಿರುಗುಪ್ಪದ ಅಕ್ಕಿ ಗಿರಣಿಗೆ ಮೂಟೆ ಹೊರಲು ಹೋದ ಹುಡುಗರು, ಗಣಿತದಲ್ಲಿ ನನ್ನನ್ನೇ ತಬ್ಬಿಬ್ಬುಗೊಳಿಸುತ್ತಿದ್ದವರು.

2007ರಲ್ಲಿ ಸರಕಾರಿ ಶಾಲೆಗಳ ಒಂದನೆಯ ತರಗತಿಗೇ ಇಂಗ್ಲಿಷ್ ಬಂತು; 2019ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಲು ಹೊರಟರು. ಇಂಗ್ಲಿಷಿಗೆ ನಾನು ವೈರಿಯಲ್ಲ. ಬೇಗ ಆರಂಭಿಸುವುದನ್ನೇ ಚೆನ್ನಾಗಿ ಕಲಿಸುವುದೆಂದು ತಿಳಿದವರೊಡನೆ ನನ್ನ ಜಗಳ.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ, ಕೆಲವರು ಅಜ್ಜ ಅಜ್ಜಿಯರೂ ಆಗಿದ್ದೀರಿ. ಬೇಸಿಗೆ ರಜೆಗೆ ಮಕ್ಕಳು ಬಂದಾಗ ಆ ನಾಲ್ಕು ಭತ್ತದ ಮಾತುಗಳನ್ನು ಇಂಗ್ಲಿಷಿಗೆ ತರಲು ಹೇಳಿ ನೋಡಿ. ಕುಡುಗೋಲಿಗೆ ‘ಹೂ’ ಎಂದು ಬರೆದರೆ ಗದರಬೇಡಿ. ಕೊಯ್ದದ್ದು ಯಾರು, ಯಾವುದರಿಂದ ಎಂದು ಕನ್ನಡದಲ್ಲಿಯೇ ಕೇಳಿ, ಮತ್ತೆ ಪೆನ್ಸಿಲ್ ಕೈಗೆ ಕೊಡಿ.