‘ಅತ್ಯಂತ’ಕ್ಕೆ ಅಂತವೆಂದು?

ಹಿರಿಯರು ನಾಲ್ವರು ಸೇರಿದಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ. ಈಗಿನ ಮಕ್ಕಳಿಗೆ ದೋಸೆಯೂ ‘ಸಕತ್’, ಸಿನಿಮಾವೂ ‘ಸಕತ್’, ಕೊನೆಗೆ ತಲೆನೋವೂ ‘ಸಕತ್’. ಕನ್ನಡ ಕೆಟ್ಟಿತು, ಎಂದು. ಈ ದೂರಿಗೆ ನಾನು ದನಿಗೂಡಿಸಲಾರೆ. ಕನ್ನಡದ ಕಸುವನ್ನು ಹೀರುತ್ತಿರುವ ಪದ ಮಕ್ಕಳ ‘ಸಕತ್’ ಅಲ್ಲ; ದೂರುವ ಹಿರಿಯರೇ ಸಭೆಗೆ, ಪತ್ರಕ್ಕೆ, ಮನವಿಗೆ ಹೇರಿಕೊಂಡು ಬರುವ ‘ಅತ್ಯಂತ’, ‘ತೀವ್ರ’, ‘ಹೃತ್ಪೂರ್ವಕ’ಗಳು.

ಮಾತಿನ ಬಲ ಹೆಚ್ಚಿಸಲು ಬಳಸುವ ಇಂಥ ಪದಗಳ ಗತಿ ಏನಾಗುತ್ತದೆಂಬುದನ್ನು ತಿಳಿಯಲು ಇಂಗ್ಲಿಷಿನ ಚರಿತ್ರೆ ಒಳ್ಳೆಯ ಪಾಠ. ಹಳೆಯ ಇಂಗ್ಲಿಷಿನಲ್ಲಿ ಈ ಕೆಲಸಕ್ಕಿದ್ದ ಪದ ‘ಸ್ವೀಥೆ’. ‘ಬಲವಾಗಿ’ ಎಂಬುದು ಅದರ ಅರ್ಥ. ಇಂದು ಆ ಪದವೇ ಇಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಆ ಭಾಷೆಗೆ ಹರಿದುಬಂದವು. ಅವುಗಳಲ್ಲಿ ಒಂದು ‘ವೆರಿ’. ಅದರ ಮೂಲಾರ್ಥ ‘ನಿಜವಾದ’ ಎಂದು. ನಿಜವನ್ನು ಸಾರುತ್ತಿದ್ದ ಪದ ಸವೆದು ಸವೆದು ಬರಿಯ ‘ಬಹಳ’ವಾಯಿತು. ‘ಆಫುಲಿ’, ‘ಟೆರಿಬ್ಲಿ’ಗಳು ಭಯವನ್ನು ಸೂಚಿಸುತ್ತಿದ್ದವು, ಈಗ ಚಹಾ ಕೊಟ್ಟವರಿಗೂ ‘ಆಫುಲಿ’ ಉಪಕಾರ ಸ್ಮರಿಸುವುದುಂಟು. 1754ರಲ್ಲಿ ಲಾರ್ಡ್ ಚೆಸ್ಟರ್‌ಫೀಲ್ಡ್ ಎಂಬಾತ ‘ದಿ ವರ್ಲ್ಡ್’ ಪತ್ರಿಕೆಯಲ್ಲಿ ಆ ಕಾಲದ ಷೋಕಿಯ ಪದವಾಗಿದ್ದ ‘ವಾಸ್ಟ್ಲಿ’ಯನ್ನು ಗೇಲಿ ಮಾಡಿದ. ‘ವಾಸ್ಟ್’ ಎಂದರೆ ವಿಶಾಲ. ಶ್ರೀಮಂತ ಮಹಿಳೆಯೊಬ್ಬಳು ಪುಟ್ಟದೊಂದು ಚಿನ್ನದ ನಶ್ಯದ ಡಬ್ಬಿಯನ್ನು ಕಂಡು, ಅದು ವಿಶಾಲವಾಗಿ ಚಿಕ್ಕದಾಗಿರುವುದರಿಂದಲೇ ವಿಶಾಲವಾಗಿ ಸುಂದರವಾಗಿದೆ ಎಂದಳಂತೆ! ಇಂದಿನ ‘ಲಿಟರಲಿ’ಯನ್ನು ಕೇಳಿ ನಗುವವರು ಇದನ್ನು ನೆನೆಯಬೇಕು.

ನಮ್ಮಲ್ಲಿಯೂ ಇದೇ ಚಕ್ರ ತಿರುಗಿದೆ. ‘ತುಂಬಾ’ ಎಂಬುದು ‘ತುಂಬು’ ಧಾತುವಿನಿಂದ ಬಂದುದು. ಕೊಡದ ತುಂಬ ನೀರು ಎಂಬಲ್ಲಿ ಅದರ ಅರ್ಥ ಇನ್ನೂ ಜೀವಂತ. ಧಾರವಾಡದವರ ‘ಭಾರಿ ಚಲೋ’ದಲ್ಲಿ ಭಾರವಿದೆ. ‘ವಿಪರೀತ’ ಎಂದರೆ ತಲೆಕೆಳಗಾದದ್ದು. ‘ವಿಪರೀತ ಚೆನ್ನಾಗಿದೆ’ ಎನ್ನುವಾಗ ಯಾರಿಗೂ ಅದು ತೋಚುವುದಿಲ್ಲ. ‘ಭಯಂಕರ ರುಚಿ’ ಎನ್ನುವಲ್ಲಿ ಭಯವಿಲ್ಲ. ‘ಸಕತ್’ ಎಂಬುದು ಪಾರ್ಸಿಯ ‘ಸಖ್ತ್’. ಗಟ್ಟಿ, ಕಠಿಣ ಎಂದರ್ಥ. ಬಲ ಎಂಬ ಅರ್ಥದಿಂದ ಹೊರಟ ‘ಸ್ವೀಥೆ’ ನಡೆದ ದಾರಿಯಲ್ಲೇ ಇದೂ ನಡೆದಿದೆ. ಮಕ್ಕಳು ಮಾಡಿರುವುದು ಹೊಸ ಅಪರಾಧವಲ್ಲ. ಅದು ಸಾವಿರ ವರ್ಷಗಳ ಹಳೆಯ ಚಾಳಿ. ಮೇಲಾಗಿ ಅವರು ಅದನ್ನು ಗೆಳೆಯರ ನಡುವೆ ಆಡುತ್ತಾರೆ. ಅದರಿಂದ ಯಾರ ಕೆಲಸವೂ ಕೆಡುವುದಿಲ್ಲ.

ಹಿರಿಯರ ‘ಅತ್ಯಂತ’ದ ಕಥೆ ಬೇರೆ. ಅಂತವನ್ನು ಮೀರಿದ್ದು ಎಂಬುದು ಅದರ ಅರ್ಥ. ವಾರ್ಷಿಕೋತ್ಸವ ‘ಅತ್ಯಂತ ಯಶಸ್ವಿ’, ಅತಿಥಿಗಳು ‘ಅತ್ಯಂತ ಸರಳ’, ಸ್ವಾಗತ ‘ಹೃತ್ಪೂರ್ವಕ’, ವಂದನಾರ್ಪಣೆಯೂ ‘ಹೃತ್ಪೂರ್ವಕ’. ಅಪಘಾತವೆಲ್ಲ ‘ಭೀಕರ’ವಾದುದರಿಂದ ನಿಜವಾಗಿ ಭೀಕರವಾದುದನ್ನು ಹೇಳಲು ವರದಿಗಾರನ ಬಳಿ ಪದವೇ ಉಳಿದಿಲ್ಲ. ಶಿಫಾರಸು ಪತ್ರಗಳಲ್ಲಿ ‘ಅತ್ಯಂತ ಪ್ರಾಮಾಣಿಕ’ ಎಂದು ಬರೆಯುತ್ತಾರೆ. ಪ್ರಾಮಾಣಿಕತೆಯಲ್ಲಿ ಮೆಟ್ಟಿಲುಗಳಿವೆಯೇ? ಹಾಗೆ ಬರೆಯುವ ಪದ್ಧತಿ ಬಂದಮೇಲೆ, ಬರಿದೇ ‘ಪ್ರಾಮಾಣಿಕ’ ಎನಿಸಿಕೊಂಡ ಹುಡುಗನ ಮೇಲೆ ಓದುವವರಿಗೆ ಅನುಮಾನ ಹುಟ್ಟುತ್ತದೆ. ಒಬ್ಬನಿಗೆ ಹೆಚ್ಚಾಗಿ ಕೊಟ್ಟ ವಿಶೇಷಣ ಇನ್ನೊಬ್ಬನಿಂದ ಕಸಿದುಕೊಂಡದ್ದು.

ನಮ್ಮ ವಿದ್ಯಾರಣ್ಯಪುರಂನಲ್ಲಿ ಇದರ ಬೆಲೆಯನ್ನು ಮೂಗಿನಿಂದಲೇ ತೆತ್ತಿದ್ದೇವೆ. ಇಲ್ಲಿಯ ಸೂಯೇಜ್ ಫಾರಂನಲ್ಲಿ ವರ್ಷಗಟ್ಟಲೆ ಬೆಳೆದ ಕಸದ ಗುಡ್ಡೆಯನ್ನು ಬಲ್ಲವರಿಗೆ ವಿವರಣೆ ಬೇಡ. ಕೆಲವು ವರ್ಷಗಳ ಹಿಂದೆ ನೆರೆಯವರು ಮನವಿಯ ಕರಡೊಂದನ್ನು ತಿದ್ದಿಕೊಡಿ ಮೇಷ್ಟ್ರೇ ಎಂದು ತಂದರು. ‘ಅತ್ಯಂತ ಅಸಹನೀಯ ದುರ್ವಾಸನೆ’, ‘ತೀವ್ರ ತೊಂದರೆ’, ‘ಅತೀ ಶೀಘ್ರವಾಗಿ’, ‘ಅತ್ಯಂತ ಕಳಕಳಿಯಿಂದ’. ಒಂದು ಪುಟದಲ್ಲಿ ಹನ್ನೊಂದು ಕಡೆ ಇಂಥ ಪದಗಳಿದ್ದವು. ಯಾವ ಬೀದಿ, ಯಾವ ಹೊತ್ತು, ಯಾರಿಗೆ ಏನಾಯಿತು ಎಂಬುದು ಒಂದೆಡೆಯೂ ಇರಲಿಲ್ಲ. ಆ ಹನ್ನೊಂದನ್ನೂ ಹೊಡೆದುಹಾಕಿ ಹೀಗೆ ಬರೆಯಿರೆಂದೆ: ಸಂಜೆ ಗಾಳಿ ಇತ್ತ ತಿರುಗಿದರೆ ಕಿಟಕಿ ಮುಚ್ಚಬೇಕು, ಮುಚ್ಚಿದರೆ ಸೆಕೆ. ಕಸಕ್ಕೆ ಬೆಂಕಿ ಬಿದ್ದ ದಿನ ಉಬ್ಬಸವಿರುವ ಮಗುವನ್ನು ಅಜ್ಜಿಯ ಮನೆಗೆ ಕಳುಹಿಸಿದೆವು. ನೆಂಟರು ಊಟಕ್ಕೆ ಕೂರದೆ ಹೊರಡುತ್ತಾರೆ. ಓದಿದ ನೆರೆಯವರೊಬ್ಬರು, “ಸಾರ್, ತೀರಾ ಸಪ್ಪೆಯಾಯಿತಲ್ಲ” ಎಂದರು. ಸಪ್ಪೆ ಯಾವುದು? ‘ಅತ್ಯಂತ ಅಸಹನೀಯ’ ಎಂದು ಯಾವ ಬಡಾವಣೆಯವರು ಯಾವ ಸಂಗತಿಗೆ ಬೇಕಾದರೂ ಬರೆಯಬಹುದು. ಉಬ್ಬಸದ ಮಗುವಿನ ಮಾತನ್ನು ಆ ಮನೆಯವರು ಮಾತ್ರ ಬರೆಯಬಲ್ಲರು. ಉಬ್ಬಿದ ಮನವಿಗೆ ಬರುವ ಉತ್ತರವೂ ಉಬ್ಬಿದ್ದೇ: ‘ಆದ್ಯತೆಯ ಮೇರೆಗೆ ಕೂಡಲೇ ಸೂಕ್ತ ಕ್ರಮ ಕೈಗೊಳ್ಳಲಾಗುವುದು’. ಖೋಟಾ ನಾಣ್ಯ ಕೊಟ್ಟು ಖೋಟಾ ನಾಣ್ಯ ಪಡೆದಂತೆ.

ಹಾಗಾದರೆ ಒತ್ತಿ ಹೇಳುವುದೇ ಬೇಡವೇ? ಬೇಕು. ಅದಕ್ಕೆ ಕನ್ನಡದಲ್ಲಿ ಇರುವ ಸಿರಿ ಸಣ್ಣದಲ್ಲ. ತರಗತಿಯಲ್ಲಿ ದ್ವಿರುಕ್ತಿ ಬಾಯಿಪಾಠ ಮಾಡಿದ್ದು ನೆನಪಿರಬೇಕು: ಕಡೆಯು ಕಟ್ಟಕಡೆಯಾಗುತ್ತದೆ, ನಡುವು ನಟ್ಟನಡುವಾಗುತ್ತದೆ, ತುದಿ ತುತ್ತತುದಿ, ಬಯಲು ಬಟ್ಟಬಯಲು, ಮೊದಲು ಮೊಟ್ಟಮೊದಲು. ಪದ ತನ್ನನ್ನೇ ಮಡಿಸಿಕೊಂಡು ಬಲ ಪಡೆಯುತ್ತದೆ. ಹೊರಗಿನ ಊರುಗೋಲು ಬೇಕಿಲ್ಲ. ಇನ್ನು ಒಂದೊಂದು ವಸ್ತುವಿಗೂ ಅದರದೇ ಒತ್ತು ಇದೆ: ಬಿಸಿಲಿಗೆ ಬಿರುಬಿಸಿಲು, ಕತ್ತಲಿಗೆ ಕಗ್ಗತ್ತಲು, ಬಡತನಕ್ಕೆ ಕಡುಬಡತನ, ಚಳಿಗೆ ಕೊರೆಯುವ ಚಳಿ, ಮಳೆಗೆ ಜಡಿಮಳೆ, ಮುದುಕನಿಗೆ ಹಣ್ಣುಮುದುಕ. ಇವನ್ನೆಲ್ಲ ಮೂಲೆಗೊತ್ತಿ ‘ಅತ್ಯಂತ ಬಿಸಿಲು’, ‘ಅತ್ಯಂತ ಬಡತನ’ ಎಂದು ಬರೆಯುವವರು ‘ಸಕತ್’ ಎನ್ನುವ ಮಕ್ಕಳ ಕಿವಿ ಹಿಂಡಲು ಯಾವ ಅಧಿಕಾರವನ್ನೂ ಹೊಂದಿಲ್ಲ.

ಗೌರವ ತೋರಿಸಲಾದರೂ ಇವು ಬೇಡವೇ ಎಂದು ಕೆಲವರು ಕೇಳುತ್ತಾರೆ. ಕನ್ನಡದಲ್ಲಿ ಗೌರವ ಕ್ರಿಯಾಪದದಲ್ಲೇ ಇದೆ. ‘ಬನ್ನಿ, ಕುಳಿತುಕೊಳ್ಳಿ’ ಎಂದರೆ ಮುಗಿಯಿತು. ನಮ್ಮ ಊರಿನ ಯಾದವಗಿರಿಯಲ್ಲಿ ಮನೆ ಕಟ್ಟಿಸಿ ಬಾಳಿದ ಆರ್. ಕೆ. ನಾರಾಯಣ್ ಅವರು ಸರಳ ಇಂಗ್ಲಿಷಿನಲ್ಲಿಯೇ ಜಗತ್ತಿನ ಓದುಗರನ್ನು ಗಳಿಸಿದರು. 1935ರಲ್ಲಿ ಬಂದ ಅವರ ಮೊದಲ ಕಾದಂಬರಿಯನ್ನು ಇಂದಿಗೂ ಮಕ್ಕಳು ಅರ್ಥಕೋಶವಿಲ್ಲದೆ ಓದುತ್ತಾರೆ. ಮಾತು ಮುಟ್ಟಲು ಆಡಂಬರ ಬೇಕಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಏಕೆ?

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಅಧಿಕಾರಿಗಳು, ಉಪಾಧ್ಯಾಯರು, ಇತರರಿಗೆ ಪ್ರಶಸ್ತಿಪತ್ರ ಬರೆಯುವವರು. ಮುಂದಿನ ಪತ್ರ ಕಳುಹಿಸುವ ಮುನ್ನ ‘ಅತ್ಯಂತ’ಗಳನ್ನೆಲ್ಲ ಅಳಿಸಿ, ಆ ಜಾಗದಲ್ಲಿ ಕಂಡ ಒಂದು ಸಂಗತಿಯನ್ನು ಬರೆಯಿರಿ. ಬರೆಯಲು ಸಂಗತಿ ಸಿಗದಿದ್ದರೆ ಆ ಹೊಗಳಿಕೆಯನ್ನೇ ಬಿಟ್ಟುಬಿಡಿ. ಈ ಮಾತನ್ನು ಒಪ್ಪದವರು ಖಂಡಿಸಿ ಬರೆಯಬಹುದು. ‘ತೀವ್ರವಾಗಿ’ ಖಂಡಿಸುವುದು ಬೇಡ, ಖಂಡಿಸಿದರೆ ಸಾಕು.