ನಗುವವರೂ ಸುಮ್ಮನಿರುವವರೂ

ಹಾಜರಿ ಕರೆಯುವಾಗ ಒಂಬತ್ತನೆಯ ಸಂಖ್ಯೆ ಬಂದೊಡನೆ ಹಿಂದಿನ ಬೆಂಚುಗಳಲ್ಲಿ ನಗೆಯೇಳುವುದನ್ನು ನಮ್ಮಲ್ಲಿ ಕೇಳದವರು ವಿರಳ. ಅದು ಆ ಸಂಖ್ಯೆಯ ವಿದ್ಯಾರ್ಥಿಯನ್ನು ಕುರಿತ ನಗೆಯಲ್ಲ. ನಡಿಗೆಯಲ್ಲಿಯೋ ಮಾತಿನಲ್ಲಿಯೋ ತುಸು ಮೃದುವಾಗಿರುವ ಇನ್ನೊಬ್ಬ ಸಹಪಾಠಿಯತ್ತ ಎಲ್ಲರ ಕಣ್ಣು ಹೊರಳುತ್ತದೆ. ಅವನು ಪುಸ್ತಕದ ಮೇಲೆ ತಲೆ ತಗ್ಗಿಸುತ್ತಾನೆ. ಅಧ್ಯಾಪಕರು ಹತ್ತನೆಯ ಸಂಖ್ಯೆಗೆ ಹೋಗುತ್ತಾರೆ.

ಪಿ.ಯು.ಸಿ. ಓದುವಾಗ ನಾನೂ ಹೀಗೆ ನಕ್ಕವನೇ. ಅಂಥ ನಗೆಗೆ ಗುರಿಯಾದ ಹುಡುಗನೊಬ್ಬ ದಸರಾ ರಜೆಗೆ ಊರಿಗೆ ಹೋದವನು ಮರಳಿ ಬರಲೇ ಇಲ್ಲ. ಎರಡು ತಿಂಗಳ ಮೇಲೆ ಅವನ ಟ್ರಂಕನ್ನೊಯ್ಯಲು ಬಂದ ತಂದೆ, "ನಿಮ್ಮ ಗೆಳೆಯನಿಗೆ ಇಲ್ಲಿ ಏನಾಯಿತಪ್ಪಾ?" ಎಂದು ಕೇಳಿದಾಗ ಹಾಸ್ಟೆಲಿನಲ್ಲಿ ಒಬ್ಬನೂ ಬಾಯಿ ತೆರೆಯಲಿಲ್ಲ. 'ಗೆಳೆಯ' ಎಂಬ ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ತಮಾಷೆಗೆ ಅಂದದ್ದೆಂದು ನಾವು ಸಮಾಧಾನ ಹೇಳಿಕೊಂಡೆವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ!

ಸಲಿಂಗ ಪ್ರೇಮ, ಲಿಂಗಪರಿವರ್ತನೆಗಳೆಲ್ಲ ಪರದೇಶದಿಂದ ಬಂದ ಹುಚ್ಚು ಎಂದು ಕೆಲವರು ವಾದಿಸುವುದುಂಟು. ನಿಜವಾಗಿ ಪರಕೀಯರು ತಂದದ್ದು 1860ರ ದಂಡಸಂಹಿತೆಯನ್ನು, ಅದರ 377ನೆಯ ವಿಧಿಯನ್ನು. ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ನಮ್ಮ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಎಳೆತನದಲ್ಲಿಯೇ ಮನೆಯನ್ನು ತೊರೆಯಬೇಕಾಯಿತು. ಅವರೇ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀಗೆ ಪಾತ್ರರಾದರು. ನಾಡು ಅವರನ್ನು ಸನ್ಮಾನಿಸಿತು, ಸಂತೋಷ. ಆದರೆ ಸನ್ಮಾನಕ್ಕೆ ಮೊದಲು ಅಂಥವರು ಎಷ್ಟು ನಗೆಯನ್ನು ನುಂಗಬೇಕು?

ಯು.ಜಿ.ಸಿ.ಯು 2009ರ ರ‍್ಯಾಗಿಂಗ್ ತಡೆ ನಿಯಮಗಳನ್ನು 2016ರಲ್ಲಿ ತಿದ್ದಿ, ಲಿಂಗತ್ವ ಹಾಗೂ ಲೈಂಗಿಕ ಒಲವಿನ ಹೆಸರಿನಲ್ಲಿ ಕೊಡುವ ಹಿಂಸೆಯನ್ನೂ ಅದರಲ್ಲಿ ಸೇರಿಸಿತು. ಆದರೆ ನಿಯಮವು ಸೂಚನಾಫಲಕದಲ್ಲಿರುತ್ತದೆ. ಹಿಂದಿನ ಬೆಂಚಿನಲ್ಲಿರುವವರು ನಾವು.

ವಿರಾಟನ ಸಭೆಯನ್ನು ನೆನೆಯಿರಿ. ಗೆಲುವಿಗೆ ಕಾರಣ ಉತ್ತರನಲ್ಲ, ಬೃಹನ್ನಳೆಯೆಂದು ಕಂಕನು ಹೇಳಿದಾಗ ಅರಸನು ಕೋಪದಿಂದ ದಾಳವನ್ನು ಅವನ ಮುಖಕ್ಕೆಸೆದನು. ನೆತ್ತರು ಸುರಿಯಿತು. ಇನ್ನೊಬ್ಬರ ಪರವಾಗಿ ನಿಂತವನಿಗೆ ಪೆಟ್ಟು ಬೀಳುವುದು ಹೊಸತಲ್ಲ. "ನೀನೂ ಅವನಂಥವನೇ?" ಎಂಬ ಪ್ರಶ್ನೆಯೇ ಇಂದು ನಮಗೆ ಬೀಳುವ ದಾಳದ ಪೆಟ್ಟು. ಅದಕ್ಕೆ ಅಂಜಿಯೇ ನಾವು ಸುಮ್ಮನಿರುವುದು. ಆ ಹುಡುಗ ಎಂಥವನೆಂದು ಹೇಳಬೇಕಾದವನು ಅವನೇ. ಹೇಳದಿರುವುದೂ ಅವನ ಇಷ್ಟ. ಅದನ್ನು ತೀರ್ಮಾನಿಸುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು?

ಮಿತ್ರರೇ, ಮಾಡಬೇಕಾದುದು ದೊಡ್ಡದೇನಲ್ಲ. ನಗದಿರೋಣ. ನಗುವವನನ್ನು "ಸಾಕು ಮಾಡೋ" ಎಂದು ತಡೆಯೋಣ. ಬೆಂಚಿನಲ್ಲಿ ಒಂಟಿಯಾಗಿರುವವನ ಪಕ್ಕಕ್ಕೆ ಹೋಗಿ ಕೂರೋಣ. ನಂಬಿ ಹೇಳಿಕೊಂಡ ಗುಟ್ಟನ್ನು ಬೀದಿಗೆಳೆಯದಿರೋಣ. ಪೂಜ್ಯ ಅಧ್ಯಾಪಕರಲ್ಲಿಯೂ ಒಂದು ವಿನಂತಿ: ಆ ನಗೆ ಎದ್ದಾಗ ಹತ್ತನೆಯ ಸಂಖ್ಯೆಗೆ ಹೋಗುವ ಮುನ್ನ ಒಂದು ಕ್ಷಣ ನಿಂತು, "ಏಕೆ ನಕ್ಕಿರಿ?" ಎಂದು ಕೇಳಿರಿ. ಮುಂದಿನ ವರ್ಷವಾದರೂ ನಮ್ಮ ಹಾಜರಿ ಪುಸ್ತಕದಲ್ಲಿ ಒಂಬತ್ತು ಬರಿಯ ಒಂಬತ್ತಾಗಿರಲಿ.