ತಪ್ಪಿಲ್ಲದವನ ಬೋನಸ್ಸೇ ಏಕೆ ಹೋಗಬೇಕು?

ಹೈದರಾಬಾದಿನ ರಸ್ತೆಯಲ್ಲಿ ಎರಡು ಕಾರುಗಳು ತಾಗಿಕೊಂಡು, ಮಾಲೀಕರಿಬ್ಬರೂ ವಿಮೆಯ ಮಾತೇ ಎತ್ತದೆ ಫೋನ್‌ಪೇಯಲ್ಲಿ ಎರಡೋ ಮೂರೋ ಸಾವಿರ ದಾಟಿಸಿ ಹೊರಟುಬಿಟ್ಟರೆ, ಅವರು ಮಾಡಿದ್ದು ಸರಿ. ಕಾನೂನಿನ ಪ್ರಕಾರ ತಪ್ಪು, ಪಾಲಿಸಿಯ ಷರತ್ತಿನ ಪ್ರಕಾರವೂ ತಪ್ಪು. ಆದರೂ ಲೆಕ್ಕದ ಪ್ರಕಾರ ಸರಿ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ‘ನಮ್ಮ ಜನಕ್ಕೆ ವಿಮಾ ಸಾಕ್ಷರತೆ ಇಲ್ಲ, ರಸ್ತೆಯಲ್ಲೇ ಪಂಚಾಯಿತಿ ಮಾಡುತ್ತಾರೆ’ ಎಂಬ ಉಪದೇಶ ಈಚೆಗೆ ಅತಿಯಾಗಿದೆ. ಜನಕ್ಕೆ ಲೆಕ್ಕ ಬರುತ್ತದೆ. ಬರದಿರುವುದು ಉಪದೇಶ ಮಾಡುವವರಿಗೆ.

ವಿಮಾ ಕ್ಷೇತ್ರದಲ್ಲಿ ವಿದೇಶಿ ಹೂಡಿಕೆಯ ಮಿತಿಯನ್ನು ಶೇ 74ರಿಂದ ಶೇ 100ಕ್ಕೆ ಏರಿಸುವ ಮಾತು 2025ರ ಬಜೆಟ್‌ನಲ್ಲಿ ಬಂತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು ತಿದ್ದುಪಡಿಯನ್ನು ಒಪ್ಪಿತು. ‘2047ರೊಳಗೆ ಎಲ್ಲರಿಗೂ ವಿಮೆ’ ಎಂಬ ಘೋಷಣೆ ಅದಕ್ಕೂ ಹಿಂದಿನದು. ಆ ಘೋಷಣೆ ಹೊರಡಿಸಿದ ವಿಮಾ ನಿಯಂತ್ರಣ ಪ್ರಾಧಿಕಾರ ದೆಹಲಿಯಿಂದ ಹೈದರಾಬಾದಿಗೆ ಬಂದದ್ದು 2001ರಲ್ಲಿ. ಈಗ ನಾನಕ್‌ರಾಮ್‌ಗುಡದಲ್ಲಿ ಅದಕ್ಕೆ ಸ್ವಂತ ಕಟ್ಟಡವಿದೆ. ಅಲ್ಲಿಂದ ಗಚ್ಚಿಬೌಲಿ ಕಡೆಗೆ ಸಂಜೆ ಒಮ್ಮೆ ಹೊರಟು ನೋಡಿದರೆ ದೇಶದ ಮೋಟಾರು ವಿಮೆಯ ನಿಜಸ್ಥಿತಿ ರಸ್ತೆಯ ಮೇಲೇ ಸಿಗುತ್ತದೆ: ಹಜಾರ್ಡ್ ಲೈಟ್ ಹಾಕಿಕೊಂಡು ನಿಂತ ಎರಡು ಕಾರು, ಹಿಂದೆ ಹಾರ್ನ್ ಬಾರಿಸುವ ನಲವತ್ತು ಕಾರು, ಮಧ್ಯದಲ್ಲಿ ‘ಛೋಡೋ ಭಾಯ್, ಸೆಟಲ್ ಕರ್‌ಲೋ’ ಎನ್ನುವ ಒಬ್ಬ ಮಧ್ಯಸ್ಥ. ಪಾಲಿಸಿ ನಂಬರ್ ಕೇಳುವವರು ಯಾರೂ ಇಲ್ಲ.

ಕಾನೂನು ಏನನ್ನುತ್ತದೆ ಎಂಬುದನ್ನು ಬೇಗ ಮುಗಿಸೋಣ. ಯಾರಿಗಾದರೂ ಗಾಯವಾಗಿದ್ದರೆ ಮಾತ್ರವಲ್ಲ, ಇನ್ನೊಬ್ಬರ ಆಸ್ತಿಗೆ ಹಾನಿಯಾದರೂ, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು, ವಿಮಾ ಕಂಪನಿಗೂ ಬರೆದು ತಿಳಿಸಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್. ತಿಳಿಸದಿದ್ದರೆ 187ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇನ್ನು ನಿಮ್ಮ ಪಾಲಿಸಿಯ ಷರತ್ತುಗಳಲ್ಲಿ ಎರಡನೆಯದನ್ನು ಓದಿ: ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ನೀವು ತಪ್ಪು ಒಪ್ಪಿಕೊಳ್ಳುವಂತಿಲ್ಲ, ಹಣ ಕೊಡುತ್ತೇನೆ ಎನ್ನುವಂತಿಲ್ಲ, ಕೊಡುವಂತೆಯೂ ಇಲ್ಲ. ಅಂದರೆ ‘ಸಾರಿ ಸಾರ್, ತಪ್ಪು ನನ್ನದೇ, ಎಷ್ಟಾಗುತ್ತೆ ಹೇಳಿ’ ಎನ್ನುವ ಸಭ್ಯಸ್ಥನೇ ಷರತ್ತು ಮುರಿದವನು. ಬೈದಾಡಿ ಹೊರಟುಹೋದವನು ಪಾಲಿಸಿಯ ಕಣ್ಣಿನಲ್ಲಿ ಅಷ್ಟರಮಟ್ಟಿಗೆ ಶುದ್ಧ.

ಠಾಣೆಗೆ ಹೋದರೇನಾಗುತ್ತದೆ? ಸಬ್ ಇನ್‌ಸ್ಪೆಕ್ಟರ್ ಒಳ್ಳೆಯವರಾಗಿದ್ದರೆ ‘ಹೊರಗೆ ಮಾತಾಡಿಕೊಳ್ಳಿ’ ಎನ್ನುತ್ತಾರೆ. ನಿಯಮದಂತೆ ನಡೆಯುವವರಾಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ನಿನಡಿ, ಅಂದರೆ ಹಳೆಯ ದಂಡ ಸಂಹಿತೆಯ 279ರ ಜಾಗಕ್ಕೆ ಬಂದ ಸೆಕ್ಷನ್ನಿನಡಿ, ಪ್ರಕರಣ ದಾಖಲಿಸುತ್ತಾರೆ. ಅಲ್ಲಿಗೆ ಇಬ್ಬರ ನಡುವಿನ ಬಂಪರ್ ವ್ಯವಹಾರ ಸರ್ಕಾರದ ಕ್ರಿಮಿನಲ್ ಕೇಸಾಯಿತು. ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿ ಈ ಸೆಕ್ಷನ್ ಇಲ್ಲ. ಗಾಡಿ ಠಾಣೆಯ ಆವರಣದಲ್ಲಿ ನಿಲ್ಲುತ್ತದೆ, ಮೋಟಾರು ವಾಹನ ನಿರೀಕ್ಷಕರು ಬಂದು ನೋಡುವವರೆಗೂ ಕದಲುವುದಿಲ್ಲ. ಡೆಂಟಿಂಗ್‌ಗೆ ಮೂರು ಸಾವಿರ ಬೇಕಾದ ಕಡೆ ಯಾರು ಈ ದಾರಿ ಹಿಡಿಯುತ್ತಾರೆ?

ಇದೆಲ್ಲ ಗೊತ್ತಿದ್ದದ್ದೇ. ಉಪದೇಶ ಮಾಡುವವರು ಲೆಕ್ಕ ಹಾಕಿ ನೋಡದ ಒಂದು ಸಂಖ್ಯೆ ಬೇರೆಯೇ ಇದೆ. ಅದು 15,000.

ನಿಮ್ಮ ಕಾರಿನ ಸ್ವಂತ ಹಾನಿ ವಿಭಾಗದ ಪ್ರೀಮಿಯಂ, ರಿಯಾಯಿತಿಗೆ ಮುಂಚೆ, ವರ್ಷಕ್ಕೆ 12,000 ರೂಪಾಯಿ ಎಂದಿಟ್ಟುಕೊಳ್ಳಿ. ಐದು ವರ್ಷ ಕ್ಲೇಮ್ ಮಾಡದೆ ಓಡಿಸಿದ್ದೀರಿ, ನೋ ಕ್ಲೇಮ್ ಬೋನಸ್ (ಎನ್‌ಸಿಬಿ) ಶೇ 50 ತಲುಪಿದೆ, ಕಟ್ಟುತ್ತಿರುವುದು 6,000. ಒಂದು ದಿನ ಸಿಗ್ನಲ್‌ನಲ್ಲಿ ಸುಮ್ಮನೆ ನಿಂತಿದ್ದಾಗ ಹಿಂದಿನವನು ಬಂದು ಗುದ್ದುತ್ತಾನೆ. ಬಂಪರ್‌ಗೆ 9,000 ಎನ್ನುತ್ತಾರೆ ಷೋರೂಮಿನವರು. ಪ್ಲಾಸ್ಟಿಕ್ ಭಾಗಗಳಿಗೆ ಶೇ 50 ಸವಕಳಿ ಕಡಿತ, ಆ ಕಡಿತ ತಪ್ಪಿಸುವ ‘ಝೀರೋ ಡೆಪ್’ ರಕ್ಷಣೆ ತೆಗೆದುಕೊಂಡಿಲ್ಲದಿದ್ದರೆ ಉಳಿಯುವುದು 4,500. ಅದರಲ್ಲಿ 1,500 ಸಿಸಿಗಿಂತ ಕೆಳಗಿನ ಕಾರಿಗೆ ಕಡ್ಡಾಯವಾಗಿ ನೀವೇ ಹೊರಬೇಕಾದ 1,000 ಕಳೆಯಿರಿ. ಬಂಪರ್ ಬಾಬ್ತಿಗೆ ಕಂಪನಿ ಕೊಡುವುದು 3,500.

ಈಗ ಮುಂದಿನ ವರ್ಷಗಳನ್ನು ನೋಡಿ. ಬೋನಸ್ ಸೊನ್ನೆಗೆ ಇಳಿದಿದೆ. ನವೀಕರಣಕ್ಕೆ 12,000 ಕಟ್ಟಬೇಕು, ಅಂದರೆ 6,000 ಹೆಚ್ಚು. ಮರುವರ್ಷ ಶೇ 20 ಬೋನಸ್ ಮರಳಿ 9,600, ಹೆಚ್ಚುವರಿ 3,600. ಆಮೇಲೆ ಶೇ 25ರಲ್ಲಿ 3,000, ಶೇ 35ರಲ್ಲಿ 1,800, ಶೇ 45ರಲ್ಲಿ 600. ಕೂಡಿಸಿದರೆ 15,000. ಮೇಲೆ ಶೇ 18 ಜಿಎಸ್‌ಟಿ ಸೇರಿಸಿದರೆ 17,700. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ನಿಜದ ಮೊತ್ತ ಸ್ವಲ್ಪ ಕಡಿಮೆಯಾದೀತು. ಆದರೂ 3,500 ಪಡೆಯಲು ಅದರ ಮೂರು ನಾಲ್ಕು ಪಟ್ಟು ಕಟ್ಟುವ ವ್ಯಾಪಾರ ಇದು. ಕಟ್ಟುವವರು ಯಾರು? ಗುದ್ದಿದವನಲ್ಲ. ಗುದ್ದಿಸಿಕೊಂಡವನು!

ಇದು ಹೇಗೆ ಸಾಧ್ಯ ಎಂದರೆ, ಕಂಪನಿಗಳ ನಡುವೆ ‘ನಾಕ್ ಫಾರ್ ನಾಕ್’ ಎಂಬ ಹಳೆಯ ರೂಢಿ ಇದೆ. ನಿನ್ನ ಗಿರಾಕಿಯ ಗಾಡಿ ನೀನು ನೋಡಿಕೋ, ನನ್ನವನದನ್ನು ನಾನು ನೋಡಿಕೊಳ್ಳುತ್ತೇನೆ, ತಪ್ಪು ಯಾರದೆಂದು ನಾವು ಜಗಳವಾಡುವುದು ಬೇಡ. ಕಂಪನಿಗಳಿಗೆ ಇದು ಅನುಕೂಲವೇ, ತಪ್ಪೆಂದು ನಾನೂ ಹೇಳುವುದಿಲ್ಲ. ಆದರೆ ತಮ್ಮೊಳಗೆ ತಪ್ಪಿನ ಪ್ರಶ್ನೆಯನ್ನು ಕೈಬಿಟ್ಟವರು ಬೋನಸ್ ವಿಷಯ ಬಂದಾಗ ತಪ್ಪಿಲ್ಲದವನನ್ನೇ ತಪ್ಪಿತಸ್ಥನಂತೆ ನಡೆಸಿಕೊಳ್ಳುತ್ತಾರೆ. ಕ್ಲೇಮ್ ಆಗಿದೆಯೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ. ಗುದ್ದಿದವನು ತನ್ನ ಕಾರಿಗೆ ಏನೂ ಆಗಿಲ್ಲವೆಂದು ಕ್ಲೇಮ್ ಮಾಡದಿದ್ದರೆ ಅವನ ಬೋನಸ್ ಹಾಗೇ ಉಳಿಯುತ್ತದೆ.

‘ಅವನ ಥರ್ಡ್ ಪಾರ್ಟಿ ವಿಮೆಯಿಂದ ವಸೂಲಿ ಮಾಡಿ’ ಎನ್ನುವವರಿದ್ದಾರೆ. ಮಾಡಬಹುದು. ಖಾಸಗಿ ಕಾರಿನ ಪಾಲಿಸಿಯಲ್ಲಿ ಇನ್ನೊಬ್ಬರ ಆಸ್ತಿ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷದವರೆಗೆ ರಕ್ಷಣೆ ಇರುತ್ತದೆ. ಆದರೆ ಅದಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಹೈದರಾಬಾದಿನಲ್ಲಿ ಅಂದರೆ ಸಿಟಿ ಸಿವಿಲ್ ಕೋರ್ಟು. ಕಾಚಿಗುಡದ ನೆಂಟರ ಮನೆಗೆ ಬಂದ ಬೀದರಿನ ಕೆಎ-38 ಕಾರಿಗೆ ತಾಗಿದ್ದರೆ, ಅರ್ಜಿದಾರರು ತಾವಿರುವ ಬೀದರಿನಲ್ಲೇ ಅರ್ಜಿ ಹಾಕಲು ಕಾಯ್ದೆಯ 166ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಅಷ್ಟು ಮಟ್ಟಿಗೆ ಕಾನೂನು ಉದಾರಿ. ಆದರೆ ಸಾವು, ಅಂಗವೈಕಲ್ಯದ ಅರ್ಜಿಗಳೇ ವರ್ಷಗಟ್ಟಲೆ ಕಾಯುವ ಜಾಗಕ್ಕೆ 9,000ದ ಬಂಪರ್ ಹೊತ್ತುಕೊಂಡು ಹೋಗಿ ಎಂದು ಹೇಳಲು ಯಾವ ವಕೀಲರಿಗೂ ಮನಸ್ಸು ಬಾರದು.

ಫ್ರಾನ್ಸಿನಲ್ಲೂ ಬೋನಸ್ಸಿನ ತುದಿ ಇದೇ 50. ಅಲ್ಲಿ ಅದನ್ನು ಗುಣಾಂಕವಾಗಿ ಲೆಕ್ಕ ಹಾಕುತ್ತಾರೆ. ಅಪಘಾತವಿಲ್ಲದ ಪ್ರತಿ ವರ್ಷಕ್ಕೆ ಶೇ 5 ಇಳಿದು, ಕೊನೆಗೆ 0.50ಕ್ಕೆ ನಿಲ್ಲುತ್ತದೆ. ನಿಮ್ಮದೇ ತಪ್ಪಿನಿಂದ ಗುದ್ದಿದರೆ 1.25ರಿಂದ ಗುಣಿಸಿ 0.62 ಮಾಡುತ್ತಾರೆ. ಮೂರು ವರ್ಷ 0.50ರಲ್ಲೇ ಇದ್ದವರಿಗೆ ಮೊದಲ ತಪ್ಪು ಮಾಫಿ. ತಪ್ಪು ನಿಮ್ಮದಲ್ಲದಿದ್ದರೆ ಗುಣಾಂಕ ಮುಟ್ಟುವಂತೆಯೇ ಇಲ್ಲ. ನಮ್ಮಲ್ಲಿ ತಪ್ಪಿಲ್ಲದವನೇ ಒಂದೇ ಕ್ಲೇಮಿಗೆ 0.50ರಿಂದ ನೇರ 1.00ಕ್ಕೆ ಜಾರುತ್ತಾನೆ. ಅಲ್ಲಿನ ತಪ್ಪಿತಸ್ಥನಿಗೆ 0.62, ಇಲ್ಲಿನ ನಿರಪರಾಧಿಗೆ 1.00. ವಿಮಾ ಸಾಕ್ಷರತೆಯ ಭಾಷಣಗಳಲ್ಲಿ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟದ್ದನ್ನು ನಾನಂತೂ ಕಂಡಿಲ್ಲ.

ಹೀಗಾಗಿಯೇ ಪ್ಯಾರಿಸ್‌ನ ಚಾಲಕರು ಕಾರಿನ ಡ್ಯಾಷ್‌ಬೋರ್ಡಿನಲ್ಲಿ ಜಂಟಿ ಹೇಳಿಕೆಯ ಫಾರಂ ಇಟ್ಟುಕೊಂಡಿರುತ್ತಾರೆ. ತಾಗಿದರೆ ಇಬ್ಬರೂ ಒಂದೇ ಹಾಳೆಯಲ್ಲಿ ಚಿತ್ರ ಬರೆದು ಸಹಿ ಹಾಕಿ, ಒಂದೊಂದು ಪ್ರತಿ ಹಿಡಿದು ಹೊರಡುತ್ತಾರೆ. ಪೊಲೀಸರ ಮಾತೇ ಬರುವುದಿಲ್ಲ. ನಿಮ್ಮ ಕಂಪನಿ ನಿಮಗೆ ಹಣ ಕೊಟ್ಟು, ತಪ್ಪಿತಸ್ಥನ ಕಂಪನಿಯೊಂದಿಗೆ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತದೆ. ಇಟಲಿ ಇಂಥ ನೇರ ಪರಿಹಾರವನ್ನು 2007ರಿಂದ ಕಾನೂನನ್ನಾಗಿಯೇ ಮಾಡಿಕೊಂಡಿದೆ. ಅಲ್ಲಿನವರು ವಿವರ ಹಂಚಿಕೊಳ್ಳುವುದು ನಮಗಿಂತ ಸುಸಂಸ್ಕೃತರೆಂದಲ್ಲ, ಹಂಚಿಕೊಂಡವರಿಗೆ ನಷ್ಟವಿಲ್ಲವೆಂದು.

ಯುರೋಪಿನ ಮಾತೇಕೆ? ಹೈದರಾಬಾದಿನ ಹಳೇ ಶಹರದಲ್ಲಿ ಯಾರನ್ನಾದರೂ ಕೇಳಿ. ಮನೆಗೊಬ್ಬರು ಕೊಲ್ಲಿಯಲ್ಲಿದ್ದಾರೆ. ರಿಯಾದ್, ಜೆದ್ದಾಗಳಲ್ಲಿ ಸಣ್ಣ ಡಿಕ್ಕಿಯಾದರೆ ‘ನಜ್ಮ್’ ಕಂಪನಿಯವರು ಬಂದು ಯಾರ ತಪ್ಪು ಎಷ್ಟು ಎಂದು ಬರೆದು ಹೋಗುತ್ತಾರೆ. ದುಬೈಯಲ್ಲಿ ತಪ್ಪಿಲ್ಲದವನಿಗೆ ಪೊಲೀಸರ ಹಸಿರು ಚೀಟಿ, ತಪ್ಪಿದ್ದವನಿಗೆ ಕೆಂಪು ಚೀಟಿ. ಪೊಲೀಸ್ ವರದಿ ತೋರಿಸದೆ ಅಲ್ಲಿನ ಗ್ಯಾರೇಜಿನವರು ತಗ್ಗು ಬಿದ್ದ ಬಾಗಿಲನ್ನು ಮುಟ್ಟುವುದಿಲ್ಲ. ಅಲ್ಲಿ ಶಿಸ್ತಾಗಿ ಚೀಟಿಗೆ ಕಾಯುವ ಮನುಷ್ಯನೇ ರಜೆಗೆ ಬಂದು ಟೋಲಿಚೌಕಿಯಲ್ಲಿ ‘ಸೆಟಲ್ ಕರ್‌ಲೋ’ ಎನ್ನುತ್ತಾನೆ. ಸಂಸ್ಕೃತಿ, ಶಿಸ್ತು ಎಂದೆಲ್ಲ ಮಾತಾಡುವವರು ಇವನನ್ನು ಹೇಗೆ ವಿವರಿಸುತ್ತಾರೆ?

ರಸ್ತೆಯ ಪಂಚಾಯಿತಿ ಸರಿ ಎಂದೆ. ನ್ಯಾಯ ಎನ್ನಲಿಲ್ಲ. ಇಬ್ಬರೂ ಸಮಸಮ ಇದ್ದಾಗ ಮಾತ್ರ ಅದು ಮರ್ಯಾದೆಯಿಂದ ಮುಗಿಯುತ್ತದೆ. ಒಂದು ಕಡೆ ಎಸ್‌ಯುವಿ, ಇನ್ನೊಂದು ಕಡೆ ಆಟೊ ಅಥವಾ ಊಟದ ಪಾರ್ಸೆಲ್ ಹೊತ್ತ ಬೈಕಿನ ಹುಡುಗನಿದ್ದರೆ ನಡೆಯುವುದೇ ಬೇರೆ. ಕೀಲಿ ಕಿತ್ತುಕೊಳ್ಳುವುದು, ಲೈಸೆನ್ಸು ಅಥವಾ ಮೊಬೈಲು ಅಡವಿಟ್ಟುಕೊಳ್ಳುವುದು, ಷೋರೂಮ್ ದರ ಹೇಳಿ ಹಣ ವಸೂಲಿ ಮಾಡಿ, ಕೆಲಸವನ್ನು ಮಾತ್ರ ಮೂಲೆಯ ಗ್ಯಾರೇಜಿನಲ್ಲಿ ಮಾಡಿಸಿಕೊಳ್ಳುವುದು. ಆ ಹುಡುಗನ ಬೈಕಿಗೆ ವಿಮೆ ಇರುವ ಸಂಭವವೂ ಕಡಿಮೆ. ದೇಶದ ಅರ್ಧಕ್ಕಿಂತ ಹೆಚ್ಚು ವಾಹನಗಳು, ಸುಮಾರು ಶೇ 56, ವಿಮೆಯಿಲ್ಲದೆ ಓಡುತ್ತಿವೆ ಎಂಬುದನ್ನು ಹಣಕಾಸು ಕುರಿತ ಸಂಸದೀಯ ಸ್ಥಾಯಿ ಸಮಿತಿ 2024ರಲ್ಲೇ ಸಂಸತ್ತಿನ ಮುಂದಿಟ್ಟಿತು. ವಿಮೆಯಿಲ್ಲದೆ ಓಡಿಸಿದರೆ ಮೊದಲ ಸಲಕ್ಕೆ ದಂಡ 2,000. ಠಾಣೆಗೆ ಹೋದರೆ ಅದೂ ಬೀಳುತ್ತದೆಂಬ ಹೆದರಿಕೆಯೇ ಎದುರಿನವನ ಚೌಕಾಶಿಗೆ ಬಲ.

ಇನ್ನೊಂದು ಅಪಾಯವೂ ಇದೆ. ರಸ್ತೆಯಲ್ಲಿ ‘ಮುಗಿಯಿತು’ ಎಂದದ್ದು ಸಂಜೆಯವರೆಗೆ ಮಾತ್ರ ಮುಗಿದಿರುತ್ತದೆ. ರಾತ್ರಿ ಎದುರಿನವರಿಗೆ ಕುತ್ತಿಗೆ ನೋವು ಬಂದು ಅವರು ಠಾಣೆಗೆ ಹೋದರೆ, ನೀವು ಕಳಿಸಿದ ಯುಪಿಐ ಹಣವೇ ತಪ್ಪೊಪ್ಪಿಗೆಯಂತೆ ಕಾಣಿಸುತ್ತದೆ. ಎರಡೂ ನಂಬರ್ ಪ್ಲೇಟ್ ಕಾಣುವಂತೆ ಫೋಟೊ ತೆಗೆದು, ‘ಯಾರಿಗೂ ಗಾಯವಿಲ್ಲ, ಹಾನಿಯ ಲೆಕ್ಕ ಮುಗಿದಿದೆ’ ಎಂದು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿಕೊಳ್ಳಲು ಐದು ನಿಮಿಷ ಸಾಕು. ಗಾಯವಾಗಿದ್ದರಂತೂ ಚೌಕಾಶಿಗೆ ಕೂರಲೇಬಾರದು. ಆಸ್ಪತ್ರೆ, ಆಮೇಲೆ ಠಾಣೆ.

ಪಾಲಿಸಿ ವಿವರ ಕೇಳಿ ಪಡೆಯುವ ಕಷ್ಟವೂ ಈಗ ಉಳಿದಿಲ್ಲ. ಎದುರಿನ ನಂಬರನ್ನು ಎಂಪರಿವಾಹನ್ ಆ್ಯಪ್‌ಗೆ ಹಾಕಿದರೆ ವಿಮೆ ಚಾಲ್ತಿಯಲ್ಲಿದೆಯೇ ಎಂದು ಅಲ್ಲೇ ಗೊತ್ತಾಗುತ್ತದೆ. ದೇಶದ ಪಾಲಿಸಿಗಳ ದತ್ತಾಂಶ ಕಲೆಹಾಕುವ ವಿಮಾ ಮಾಹಿತಿ ಬ್ಯೂರೊ ಕೂಡ ಇರುವುದು ಹೈದರಾಬಾದಿನಲ್ಲೇ. ಅಂದರೆ ಮಾಹಿತಿ ಇದೆ, ಅದನ್ನು ಬಳಸಿಕೊಂಡವನಿಗೆ ಲಾಭ ಇಲ್ಲ.

ಹಾಗಾದರೆ ಇಲ್ಲೂ ಜಂಟಿ ಹೇಳಿಕೆ ತನ್ನಿ, ತಪ್ಪಿಲ್ಲದವನ ಬೋನಸ್ ಮುಟ್ಟಬೇಡಿ ಎಂದರೆ ಕಂಪನಿಗಳ ಉತ್ತರ ಗೊತ್ತಿರುವುದೇ: ‘ಎನ್‌ಸಿಬಿ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ರಕ್ಷಣೆ ತೆಗೆದುಕೊಳ್ಳಿ. ಕಂಡವರ ತಪ್ಪಿಗೆ ನನ್ನ ಬೋನಸ್ ಹೋಗದಿರಲು ನಾನೇ ಪ್ರತಿವರ್ಷ ಹಣ ಕಟ್ಟಬೇಕಂತೆ. ಅವರ ಎರಡನೆಯ ತಕರಾರಿಗೆ ಸ್ವಲ್ಪ ತೂಕವಿದೆ. ತಪ್ಪಿಲ್ಲದವನ ಬೋನಸ್ ಉಳಿಸಿದರೆ ಎಲ್ಲರೂ ‘ತಪ್ಪು ಅವನದೇ’ ಎಂದು ಬರೆಸುತ್ತಾರೆ, ಇಬ್ಬರು ಗೆಳೆಯರು ಸೇರಿ ನಾಟಕವಾಡುತ್ತಾರೆ ಎಂಬ ಭಯ. ಆಡಿಯಾರು. ಆದರೆ ಜಂಟಿ ಹೇಳಿಕೆಯಲ್ಲಿ ಒಬ್ಬನ ಬೋನಸ್ ಉಳಿಯಬೇಕಾದರೆ ಇನ್ನೊಬ್ಬನದು ಹೋಗಲೇಬೇಕು. 15,000 ಕಳೆದುಕೊಂಡು ಗೆಳೆಯನ ಬಂಪರ್ ಹಾಕಿಸಿಕೊಡುವ ಉದಾರಿಗಳು ಎಷ್ಟು ಮಂದಿ? ಗುದ್ದಿದವನಿಗೆ ವಿಮೆಯೇ ಇಲ್ಲದಿದ್ದರೆ ಕಂಪನಿ ಅವನಿಂದ ವಸೂಲಿ ಮಾಡಲಿ. ಆ ಹಕ್ಕು ಈಗಲೂ ಅದಕ್ಕಿದೆ, ಸಣ್ಣ ಮೊತ್ತವೆಂದು ಬಳಸುವುದಿಲ್ಲ ಅಷ್ಟೆ.

ತಪ್ಪಿಲ್ಲದವನ ಬೋನಸ್ ಉಳಿಸಲು ಸಂಸತ್ತಿನ ಅಪ್ಪಣೆಯೂ ಬೇಕಿಲ್ಲ. 134ನೇ ಸೆಕ್ಷನ್ ತಿದ್ದುವುದು ಸಂಸತ್ತಿನ ಕೆಲಸ, ಅದು ಯಾವಾಗಲಾದರೂ ಆಗಲಿ. ಬೋನಸ್ಸಿನ 20, 25, 35, 45, 50ರ ಮೆಟ್ಟಿಲು ಮಾತ್ರ 2002ರ ಮೋಟಾರು ದರಪಟ್ಟಿಯಿಂದ ಬಂದದ್ದು. ಸ್ವಂತ ಹಾನಿಯ ದರಗಳನ್ನು 2007ರ ಜನವರಿಯಲ್ಲಿ ಮುಕ್ತಗೊಳಿಸಿದ ಮೇಲೂ ಈ ಮೆಟ್ಟಿಲು ಮಾತ್ರ ಹಾಗೇ ನಿಂತಿದೆ. 2022ರ ಜುಲೈನಲ್ಲಿ ಇದೇ ಪ್ರಾಧಿಕಾರ ಓಡಿಸಿದಷ್ಟಕ್ಕೇ ಪ್ರೀಮಿಯಂ ಕಟ್ಟುವ ಪಾಲಿಸಿಗಳಿಗೆ ಅವಕಾಶ ಕೊಟ್ಟಿತು. ಕಾರು ಎಷ್ಟು ಕಿಲೊಮೀಟರ್ ಓಡಿತು ಎಂದು ಅಳೆಯಲು ಒಪ್ಪಿದವರು ಯಾರು ಯಾರಿಗೆ ಗುದ್ದಿದರು ಎಂದು ಬರೆದುಕೊಳ್ಳಲು ಒಪ್ಪಬಾರದೇಕೆ? ಶೇ 100 ಬಂಡವಾಳದೊಂದಿಗೆ ಬರುವ ಯುರೋಪಿನ ಕಂಪನಿಗಳು ಇದು ಆಗದ ಮಾತು ಎಂದರೆ, ನಿಮ್ಮ ಊರಿನ ಆ ಜಂಟಿ ಹೇಳಿಕೆಯ ಫಾರಂ ಒಂದು ಪ್ರತಿ ಕೊಡಿ ಎಂದು ನಾನಕ್‌ರಾಮ್‌ಗುಡದವರು ಕೇಳಬಹುದು.